ದೀಪ ಹಚ್ಚುವುದರೊಳಗೆ

ಮಧ್ಯಾಹ್ನ ನಾಲ್ಕು ಗಂಟೆ. ಬನಶಂಕರಿಯ ನಮ್ಮ ಮನೆಯ ಹಾಲಿನಲ್ಲಿ ಪಡುವಣ ಕಿಟಕಿಯ ಬಿಸಿಲು ನೆಲದ ಮೇಲೆ ಓರೆಯಾಗಿ ಬಿದ್ದಿದೆ. ಬಿಸಿಲು ಬಿದ್ದಷ್ಟು ಜಾಗದಲ್ಲಿ ಬೆಳಗಿನಿಂದ ಕೂತ ಧೂಳು, ಹಿಟ್ಟು ಜರಡಿ ಹಿಡಿದ ಮೇಲೆ ಕಲ್ಲಿನ ಮೇಲೆ ಉಳಿಯುತ್ತದಲ್ಲ, ಹಾಗೆ ತೆಳ್ಳಗೆ ಕಾಣುತ್ತದೆ. ಎದುರು ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಕಲ್ಲು ಕೊಯ್ಯುವ ಸದ್ದು ನಿಂತರೂ ಅದರ ಪುಡಿ ಕಿಟಕಿಯ ಜಾಲರಿ ದಾಟಿ ಬರುವುದು ನಿಂತಿಲ್ಲ. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ಘಮ. ಟಿವಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ, ತಾನಾಗಿ ನೆಲ ಗುಡಿಸುವ ಬಿಳಿಯ ಯಂತ್ರ ಟಿಣ್ ಎಂದು ಎಚ್ಚರವಾಗಿ, ಎರಡು ಅಡಿ ಮುಂದೆ ಬಂದು, ನಿಂತಲ್ಲೇ ಒಂದು ಸುತ್ತು ತಿರುಗಿ ಹೊರಡುತ್ತದೆ.

"ಹೊರಟಿತು ನೋಡು ಆಮೆ" ಅನ್ನುತ್ತಾಳೆ ಅಮ್ಮ, ದಿವಾನದ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು. ನೀವೂ ಕಾಲು ಮೇಲಿಟ್ಟುಕೊಂಡು ಕೂತುಕೊಳ್ಳಿ, ಕಾಫಿ ಬರುತ್ತದೆ.

ಅಡಿಗಿಂತ ತುಸು ಅಗಲ, ಅರ್ಧ ಗೇಣು ಎತ್ತರ, ನೆತ್ತಿಯ ಮೇಲೊಂದು ಪುಟ್ಟ ಗೋಪುರ. ಆ ಗೋಪುರದೊಳಗೆ ಲೇಸರ್ ಕಿರಣ ಗಿರಗಿರ ಸುತ್ತುತ್ತ ಗೋಡೆ ಎಷ್ಟು ದೂರ, ಮೇಜಿನ ಕಾಲು ಎಲ್ಲಿದೆ ಎಂದು ಅಳೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಮೂರು ಕಡ್ಡಿಯ ಸಣ್ಣ ಕುಂಚ ಮೂಲೆಯ ಕಸವನ್ನು ಹೊಟ್ಟೆಯ ಕಡೆಗೆ ತಳ್ಳುತ್ತದೆ. ಹೊಟ್ಟೆಯಡಿ ಉರುಳುವ ಬ್ರಷ್ಷು ಅದನ್ನು ಎತ್ತಿಕೊಡುತ್ತದೆ. ಉಳಿದದ್ದನ್ನು ಗಾಳಿ ಎಳೆದುಕೊಳ್ಳುತ್ತದೆ. ಸದ್ದು ಕೇಳಿದರೆ ನಾಲ್ಕು ಬೀದಿಯಾಚೆ ಹಿಟ್ಟಿನ ಗಿರಣಿ ಓಡುತ್ತಿದೆಯೇನೋ ಅನ್ನಿಸಬೇಕು.

ಮೊದಲು ಅದು ಗೋಡೆ ಹಿಡಿದು ಒಂದು ಸುತ್ತು ಬರುತ್ತದೆ. ಆಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಒಂದರ ಪಕ್ಕ ಒಂದು ಸಾಲು. ಮಾಗಡಿ ಕಡೆಯ ರಾಗಿ ಹೊಲಗಳ ನಡುವೆ ಬೆಳೆದ ಅಮ್ಮನಿಗೆ ಇದನ್ನು ನೋಡುವುದೇ ಒಂದು ಸಂತೋಷ. "ಮೊದ್ಲು ಬದು ಸುತ್ತಿ ಬಂತು, ಈಗ ಉಳೋಕೆ ಇಳೀತು. ಸಾಲು ಒಂಚೂರೂ ಸೊಟ್ಟ ಆಗ್ಲಿಲ್ಲ ನೋಡೋ" ಅನ್ನುತ್ತಾಳೆ. ಹೊಲ ಉತ್ತವರು ಮಾತ್ರ ಕೊಡಬಹುದಾದ ಮೆಚ್ಚುಗೆ ಅದು.

ಇಂಥ ಯಂತ್ರಗಳಲ್ಲಿ ಹಿಂದಿನವು ಹೀಗಿರಲಿಲ್ಲ. 2001ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ಟ್ರಿಲೋಬೈಟ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಮರುವರ್ಷ ಅಮೆರಿಕದ ಐರೋಬಾಟ್ ತಂದ ರೂಂಬಾ ಮನೆಮಾತಾಯಿತು. ಆ ಮೊದಲ ರೂಂಬಾಗಳ ಬಳಿ ಮನೆಯ ನಕ್ಷೆ ಇರಲಿಲ್ಲ. ಸುರುಳಿ ಸುತ್ತುವುದು, ಗೋಡೆಗೆ ತಾಗುವುದು, ತಿರುಗಿ ಇನ್ನೆತ್ತಲೋ ಹೋಗುವುದು: ಮೇಕೆ ಮೇಯ್ದ ಹಾಗೆ. ಗುಡಿಸಿದ ಕಡೆಗೇ ಮತ್ತೆ ಮತ್ತೆ ಹೋಗಿ, ಬಿಟ್ಟ ಕಡೆ ಬಿಟ್ಟೇ ಇರುತ್ತಿತ್ತು. ಈಗಲೂ ಅಗ್ಗದ ಯಂತ್ರಗಳಲ್ಲಿ ಕೆಲವು ಹಾಗೇ ಅಲೆಯುತ್ತವೆ. ಅಷ್ಟೇ ನೆಲಕ್ಕೆ ಅವು ಎಷ್ಟೋ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಯಂತ್ರ ನಕ್ಷೆ ಹಿಡಿದು ನಡೆಯುತ್ತದೆಯೇ ಎನ್ನುವುದೇ ಕೊಳ್ಳುವವರು ನೋಡಬೇಕಾದ ಮೊದಲ ಸಂಗತಿ, ಹೀರುವ ಜೋರು ಆಮೇಲಿನದು.

ನಮ್ಮ ಆಮೆ ಈಗ ರೂಮಿಗೆ ಹೋಯಿತು. ಬನ್ನಿ, ಬಾಗಿಲಲ್ಲಿ ನಿಂತು ನೋಡೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆ. ಸೆಕೆಂಡಿಗೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ನಡೆಯುತ್ತದೆ. ಒಂದು ಸಾಲಿನಲ್ಲಿ ಬ್ರಷ್ಷು ತೊಡೆಯುವ ಅಗಲವೂ ಗೇಣಿಗೆ ಕಮ್ಮಿಯೇ. ಹನ್ನೆರಡು ಅಡಿಯ ಸಾಲು ಮುಗಿಸಿ ತಿರುಗುವುದಕ್ಕೆ 18 ಸೆಕೆಂಡಿನ ಆಸುಪಾಸು, ಅಂಥ ಸಾಲು ಇಪ್ಪತ್ತು. ಕೋಣೆ ಖಾಲಿ ಇದ್ದರೆ ಬದು ಸುತ್ತಿದ್ದೂ ಸೇರಿ 8 ನಿಮಿಷಕ್ಕೆ ಮುಗಿಯಬೇಕು. ಆದರೆ ಖಾಲಿ ಕೋಣೆಯಲ್ಲಿ ಯಾರು ಬದುಕುತ್ತಾರೆ? ಮಂಚದ ಕಾಲು ಬಂತು, ಸುತ್ತಿ ಹೋಗಬೇಕು. ಕುರ್ಚಿಯ ನಾಲ್ಕು ಕಾಲುಗಳ ನಡುವೆ ನುಗ್ಗಿ, ಹೊರಬರುವ ದಾರಿ ಹುಡುಕುತ್ತ ಒಂದು ನಿಮಿಷ ಅಲ್ಲೇ ಕಳೆಯುತ್ತದೆ. ಮಂಚದ ಕೆಳಗೆ, ಪೊರಕೆ ಎಂದೂ ಪೂರ್ತಿ ಮುಟ್ಟದ ಕತ್ತಲೆಗೆ ತೆವಳಿ ಹೋಗಿ ಕಾಣೆಯಾಗುತ್ತದೆ. ಸದ್ದು ಮಾತ್ರ ಕೇಳುತ್ತದೆ. ಹೊರಗೆ ಬರುವಾಗ ಕುಂಚದಲ್ಲಿ ಧೂಳಿನ ನೂಲು ಜೋತಾಡುತ್ತಿರುತ್ತದೆ. ಕೋಣೆಗೆ ಹಿಡಿದದ್ದು 12 ನಿಮಿಷ.

ಅಮ್ಮನ ಕೈಯಲ್ಲಿ ಪೊರಕೆ ಇದ್ದ ಕಾಲದಲ್ಲಿ ಇಡೀ ಮನೆ 20 ನಿಮಿಷದ ಕೆಲಸ. ಎರಡು ರೂಮು, ಹಾಲು, ಅಡುಗೆಮನೆ. ಬೀರು, ಮಂಚದ ಕಾಲು ಕಳೆದರೆ ಗುಡಿಸುವ ನೆಲ ಹೆಚ್ಚುಕಡಿಮೆ 600 ಚದರ ಅಡಿ. ಆಮೆಗೆ ಅದಕ್ಕೆ ಒಂದು ಗಂಟೆ, ಮೂರು ಪಟ್ಟು ಹೊತ್ತು. ಆದರೆ ಆ 20 ನಿಮಿಷವೂ ಅಮ್ಮನ ಬೆನ್ನು ಬಾಗಿಯೇ ಇರುತ್ತಿತ್ತು. ಮುಗಿಸಿ ಏಳುವಾಗ ಗೋಡೆ ಹಿಡಿದು, ಒಂದು ಕೈ ಮಂಡಿಯ ಮೇಲೆ ಊರಿ, ಬಾಯಲ್ಲಿ ಬಂದ "ಅಮ್ಮಾ" ಅನ್ನುವ ಸದ್ದನ್ನು ನುಂಗಿಕೊಳ್ಳುತ್ತಿದ್ದುದನ್ನು ನಾನು ಬಹಳ ವರ್ಷ ನೋಡಿದ್ದೇನೆ. ಈ ಒಂದು ಗಂಟೆ ನನಗೆ ಹೆಚ್ಚು ಅನ್ನಿಸಿಲ್ಲ.

ಹೊತ್ತಿನ ಲೆಕ್ಕ ನಮ್ಮಲ್ಲಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಅಮ್ಮನ ಒಂದು ನೇಮ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಕಸ ಗುಡಿಸುವಂತಿಲ್ಲ. ಒಮ್ಮೆ ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ. ಬ್ಯಾಟರಿ ಅರ್ಧ ತುಂಬಿದ ಯಂತ್ರವನ್ನೇ 5 ಗಂಟೆಗೆ ಹೊರಡಿಸಿದೆವು, ಅದೂ ಹೀರುವ ಜೋರನ್ನು ಪೂರ್ತಿ ಏರಿಸಿ. ತುಂಬಿದ ಬ್ಯಾಟರಿಯಲ್ಲಿ ಮೆಲ್ಲಗೆ ಹೀರಿದರೆ ಎರಡು ಗಂಟೆಗೂ ಮಿಕ್ಕಿ ಓಡುವುದು, ಜೋರು ಏರಿಸಿದರೆ ಗಂಟೆಯ ಮೇಲೆ ಸ್ವಲ್ಪವಷ್ಟೇ. ಅರ್ಧ ಹಾಲು ಮುಗಿಸುವಷ್ಟರಲ್ಲಿ ತಾನಾಗಿ ತಿರುಗಿ ಗೂಡಿಗೆ ಹೋಗಿ ಕೂತಿತು. ಎರಡು ಗಂಟೆ ಚಾರ್ಜ್ ಆಗಿ, ಬಿಟ್ಟ ಸಾಲಿನಿಂದಲೇ ಮತ್ತೆ ಶುರು ಮಾಡಿದಾಗ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. "ಲಕ್ಷ್ಮಿ ಬರೋ ಹೊತ್ತು ಕಣೋ, ನಿಲ್ಸು ಅದನ್ನ" ಎಂದು ಅಮ್ಮ ಎದ್ದೇ ಬಂದಳು. ಅಂದಿನಿಂದ ಸಮಯ 4 ಗಂಟೆಗೆ ನಿಗದಿಯಾಯಿತು.

3 ಗಂಟೆ 50ಕ್ಕೆ ಮನೆಯವರೆಲ್ಲ ನೆಲದ ಮೇಲಿದ್ದುದನ್ನು ಎತ್ತುತ್ತೇವೆ. ಚಪ್ಪಲಿ, ಮಗಳ ಸ್ಕೂಲ್ ಬ್ಯಾಗು, ಫೋನ್ ಚಾರ್ಜರಿನ ವೈರು, ಕುಚ್ಚು ಇರುವ ಜಮಖಾನ. ಆ ಕುಚ್ಚು ಒಮ್ಮೆ ಬ್ರಷ್ಷಿಗೆ ಸುತ್ತಿಕೊಂಡು, ಕತ್ತರಿ ಹಿಡಿದು ಬಿಡಿಸಲು ಅರ್ಧ ಗಂಟೆ ಹೋಗಿತ್ತು. ದೇವರ ಮನೆಯ ಹೊಸಿಲನ್ನು ಮಾತ್ರ ಆಮೆ ದಾಟುವುದಿಲ್ಲ. ಎರಡು ಸೆಂಟಿಮೀಟರಿನ ತನಕ ಹತ್ತಬಲ್ಲದು, ನಮ್ಮ ಹೊಸಿಲು ಅದಕ್ಕಿಂತ ಎತ್ತರ. ಅರಿಶಿನ ಕುಂಕುಮ ಹಚ್ಚಿದ ಆ ಹೊಸಿಲಿನ ಮುಂದೆ ಬಂದು, ಮೂತಿ ತಾಗಿಸಿ, ಪಕ್ಕಕ್ಕೆ ಸರಿದು ಹೋಗುತ್ತದೆ. ಒಳಗೆ ಗುಡಿಸುವುದು ಈಗಲೂ ಅಮ್ಮನೇ, ಬೆಳಿಗ್ಗೆ, ಮೋಟು ಪೊರಕೆಯಲ್ಲಿ.

ಕಾಫಿ ಲೋಟ ಖಾಲಿಯಾಯಿತು. ಅಡುಗೆಮನೆಯ ಕೊನೆಯ ಸಾಲು ಮುಗಿಸಿದ ಆಮೆ ಹಾಲಿನ ನಡುವೆ ನೇರ ಬಂದು, ತಿರುಗಿ, ಹಿಂದೆ ಹಿಂದೆ ಸರಿದು ಗೂಡಿಗೆ ಬೆನ್ನು ತಾಗಿಸುತ್ತದೆ. ಧೂಳಿನ ಡಬ್ಬಿ ತೆಗೆದು ಹಳೆಯ ಪೇಪರಿನ ಮೇಲೆ ಸುರಿದೆ: ಎದುರು ಕಟ್ಟಡದ ಬಿಳಿ ಪುಡಿ ಒಂದು ಹಿಡಿ, ಒಗ್ಗರಣೆಯಿಂದ ಸಿಡಿದ ಸಾಸಿವೆ ನಾಲ್ಕು ಕಾಳು, ಒಣಗಿದ ಮಲ್ಲಿಗೆಯ ಎಸಳು, ಮಗಳ ಕಪ್ಪು ಕೂದಲಿಗೆ ಹೆಣೆದುಕೊಂಡ ಅಮ್ಮನ ಬಿಳಿ ಕೂದಲು.

ಫೋನಿನಲ್ಲಿ ಲೆಕ್ಕ ಬಂದಿದೆ: 58 ನಿಮಿಷ. ದೀಪ ಹಚ್ಚುವುದಕ್ಕೆ ಇನ್ನೂ ಒಂದೂವರೆ ಗಂಟೆ ಇದೆ.