ಗಾಯ್ಡರ್ ಗೆರೆಯ ಈಚೆ, ಆಚೆ

ಅಡಿಲೇಡ್‌ನಿಂದ ಕಾರು ಉತ್ತರಕ್ಕೆ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಬರೋಸಾ ಕಣಿವೆಯ ದ್ರಾಕ್ಷಿತೋಟಗಳು ಎದುರಾಗುತ್ತವೆ. ಇನ್ನೂ ಕೆಲವು ಗಂಟೆ ಹೋದರೆ ಗೋಧಿ ಹೊಲಗಳೂ ಮುಗಿದು ಬೂದುಬಣ್ಣದ ಕುರುಚಲು ಗಿಡಗಳಷ್ಟೇ ಉಳಿಯುತ್ತವೆ. ಬೆಳಿಗ್ಗೆ ಕಡಲತೀರದಲ್ಲಿ ತಿಂಡಿ ತಿಂದವರು ಸಂಜೆಗೆ ಔಟ್‌ಬ್ಯಾಕ್ ಎಂಬ ಒಣನೆಲದ ಅಂಚಿನಲ್ಲಿರಬಹುದು. ದಕ್ಷಿಣ ಆಸ್ಟ್ರೇಲಿಯ ರಾಜ್ಯ ಹೀಗೆ ತುಂಡುತುಂಡಾಗಿ ಕಾಣುವುದಕ್ಕೆ ಕಾರಣ ಮಳೆ. ಆ ಮಳೆ ಎಲ್ಲಿ ಕೈಕೊಡುತ್ತದೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದ್ದು ಒಬ್ಬ ಸರ್ವೇಯರ್.

ಅದಕ್ಕೂ ಮೊದಲು ನಗರ ಹುಟ್ಟಿತ್ತು. ಕೌರ್ನಾ ಜನರ ನೆಲದಲ್ಲಿ 1836ರ ಡಿಸೆಂಬರ್‌ನಲ್ಲಿ ಬ್ರಿಟಿಷರ ಹೊಸ ವಸಾಹತು ಘೋಷಣೆಯಾಯಿತು. ಇಲ್ಲಿಗೆ ಇಂಗ್ಲೆಂಡಿನಿಂದ ಕೈದಿಗಳನ್ನು ಸಾಗಿಸಲಿಲ್ಲ. ಬಂದವರೆಲ್ಲ ಸ್ವಇಚ್ಛೆಯಿಂದ ನೆಲಸಲು ಬಂದವರು. ಮರುವರ್ಷ ಕರ್ನಲ್ ವಿಲಿಯಂ ಲೈಟ್ ನೇರ ಬೀದಿಗಳ ಊರನ್ನು ಅಳೆದು, ಸುತ್ತಲೂ ಉದ್ಯಾನಭೂಮಿ ಬಿಟ್ಟರು. 2003ರಲ್ಲಿ ನಮ್ಮ ರಾಹುಲ್ ದ್ರಾವಿಡ್ 233 ರನ್ ಹೊಡೆದ ಅಡಿಲೇಡ್ ಓವಲ್ ಇರುವುದು ಆ ಹಸಿರು ಪಟ್ಟಿಯಲ್ಲೇ.

ದ್ರಾಕ್ಷಿಯ ಕತೆಯ ಹಿಂದೆ ಒಂದು ಧಾರ್ಮಿಕ ಜಗಳವಿದೆ. ಪ್ರಷ್ಯಾದ ದೊರೆ ತನ್ನ ರಾಜ್ಯದ ಎರಡು ಪ್ರಾಟೆಸ್ಟೆಂಟ್ ಪಂಥಗಳನ್ನು ಒಂದುಗೂಡಿಸಲು ಹೊರಟಾಗ, ಒಪ್ಪದ ಲೂಥರನ್ನರು ಊರು ಬಿಟ್ಟರು. ಜಾರ್ಜ್ ಫೈಫ್ ಆಂಗಸ್ ಎಂಬ ವರ್ತಕನ ಹಣದ ನೆರವಿನಿಂದ 1838ರಲ್ಲಿ ಮೊದಲ ತಂಡಗಳು ಇಲ್ಲಿಗೆ ಬಂದಿಳಿದವು. 1842ರಲ್ಲಿ ಬರೋಸಾದಲ್ಲಿ ಬೆಥನಿ ಎಂಬ ಹಳ್ಳಿ ಎದ್ದಿತು. ಪಕ್ಕದ ಲಾಂಗ್‌ಮೈಲ್‌ನಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಈಗಲೂ ಹಣ್ಣು ಬಿಡುತ್ತವೆ. ಯುರೋಪಿನ ತೋಟಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರುಹುಳು ತಿಂದುಹಾಕಿತು. ನೆರೆಯ ವಿಕ್ಟೋರಿಯಕ್ಕೂ ಬಂದ ಆ ಪಿಡುಗು ಈ ರಾಜ್ಯವನ್ನು ಮಾತ್ರ ಹೊಕ್ಕಿಲ್ಲ. ಹೊರಗಿನ ಬಳ್ಳಿ ತರುವುದಕ್ಕೆ ಇಲ್ಲಿ ಇಂದಿಗೂ ಕಟ್ಟುನಿಟ್ಟಿನ ಕಾನೂನಿದೆ.

ಇನ್ನು ಆ ಗೆರೆಯ ವಿಷಯ. 1860ರ ದಶಕದ ನಡುವೆ ಭೀಕರ ಬರ ಬಿದ್ದು ಉತ್ತರದ ಕುರಿಗಾಹಿಗಳು ಕಂಗಾಲಾದರು. ಬರಪೀಡಿತ ನೆಲ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಸಲು ಸರ್ಕಾರ 1865ರಲ್ಲಿ ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಅವರನ್ನು ಕಳಿಸಿತು. ಮಳೆಯ ಲೆಕ್ಕ ಅಷ್ಟಾಗಿ ಇಲ್ಲದ ಕಾಲ. ಗಾಯ್ಡರ್ ಕುದುರೆಯ ಮೇಲೆ ದೂರದೂರ ಸುತ್ತಿ, ಗಿಡಗಳನ್ನೇ ಸಾಕ್ಷಿಯಾಗಿ ಹಿಡಿದರು. ಮಲ್ಲೀ ಮರಗಳು ಮುಗಿದು ಉಪ್ಪುಪೊದೆ ಹಬ್ಬುವ ಕಡೆಯಲ್ಲಿ ಗೆರೆ ಎಳೆದರು. ಅದು ಹೆಚ್ಚುಕಡಿಮೆ ವರ್ಷಕ್ಕೆ ಹತ್ತು ಅಂಗುಲ ಮಳೆಯ ಎಲ್ಲೆ. ದಕ್ಷಿಣಕ್ಕೆ ಬೇಸಾಯ, ಉತ್ತರಕ್ಕೆ ಮೇವು ಮಾತ್ರ.

ರೈತರು ನಂಬಲಿಲ್ಲ. 1870ರ ದಶಕದಲ್ಲಿ ಮಳೆ ಚೆನ್ನಾಗಿ ಆಯಿತು. ನೇಗಿಲು ಹೋದಲ್ಲಿಗೆ ಮಳೆಯೂ ಬರುತ್ತದೆ ಎಂಬ ವಾದ ಜೋರಾಯಿತು. 1874ರಲ್ಲಿ ಸರ್ಕಾರವೇ ಗೆರೆಯ ನಿರ್ಬಂಧ ತೆಗೆಯಿತು. ಗಾಯ್ಡರ್ ನಗೆಪಾಟಲಾದರು. ಗೋಧಿ ಬಿತ್ತುವವರು ಫ್ಲಿಂಡರ್ಸ್ ಬೆಟ್ಟಗಳ ಆಚೆಗೂ ಕಣ್ಣು ಹಾಕಿದರು. 1878ರಲ್ಲಿ ಫರೀನಾ ಎಂಬ ಊರನ್ನು ಅಷ್ಟು ದೂರದಲ್ಲಿ ಕಟ್ಟಿದ್ದೇ ಗೋಧಿಯ ಆಸೆಯಿಂದ. ಎಂಬತ್ತರ ದಶಕ ಕಾಲಿಡುತ್ತಲೇ ಬರ ತಿರುಗಿ ಬಂತು. ಜನ ಗಂಟುಮೂಟೆ ಕಟ್ಟಿದರು. ಉತ್ತರಕ್ಕೆ ಹೋಗುವ ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ, ಸೂರಿಲ್ಲದ ಎಷ್ಟೋ ಕಲ್ಲುಮನೆಗಳು ಆ ಹುಂಬತನದ ಗುರುತುಗಳು.

ಗೆರೆಯಾಚೆ ಬದುಕು ನಡೆದದ್ದು ಒಂಟೆಗಳ ಬೆನ್ನ ಮೇಲೆ. 1866ರಲ್ಲಿ ಥಾಮಸ್ ಎಲ್ಡರ್ ನೂರಿಪ್ಪತ್ತಕ್ಕೂ ಹೆಚ್ಚು ಒಂಟೆಗಳನ್ನು, ಜೊತೆಗೆ ಅವುಗಳ ಸವಾರರನ್ನು ಕರಾಚಿಯಿಂದ ಪೋರ್ಟ್ ಆಗಸ್ಟಾಕ್ಕೆ ತರಿಸಿದ. (ಕರಾಚಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಧಾರವಾಡ, ಬೆಳಗಾವಿಗಳೂ ಅದರಲ್ಲೇ ಇದ್ದವು.) ಬಲೂಚಿ, ಪಠಾಣ, ಪಂಜಾಬಿ, ಸಿಂಧಿ ಎಂಬ ಭೇದವಿಲ್ಲದೆ ಎಲ್ಲರನ್ನೂ ‘ಆಫ್ಘನ್ನರು’ ಎಂದೇ ಕರೆದರು. 1872ರಲ್ಲಿ ಮುಗಿದ ಡಾರ್ವಿನ್‌ವರೆಗಿನ ತಂತಿ ಮಾರ್ಗಕ್ಕೂ ಇವರ ಒಂಟೆಗಳು ಸಾಮಾನು ಹೊತ್ತವು. ಅಡಿಲೇಡ್ ಪೇಟೆಯಲ್ಲಿ 1880ರ ದಶಕದ ಕೊನೆಗೆ ಕಟ್ಟಿದ ಮಸೀದಿ ಇಂದಿಗೂ ನಿಂತಿದೆ. ಅಡಿಲೇಡ್–ಡಾರ್ವಿನ್ ನಡುವಿನ ರೈಲಿಗೆ ‘ದಿ ಘಾನ್’ ಎಂಬ ಹೆಸರು ಬಂದದ್ದೂ ಇವರಿಂದಲೇ ಎನ್ನುತ್ತಾರೆ. ಬರೋಸಾದ ಜರ್ಮನ್ನರಿಗೆ ಸಿಕ್ಕ ಪ್ರಚಾರದಲ್ಲಿ ಅರ್ಧವೂ ಇವರಿಗೆ ಸಿಕ್ಕಿಲ್ಲ ಎಂಬುದು ನ್ಯಾಯವಲ್ಲ.

ಇನ್ನೂ ಉತ್ತರಕ್ಕೆ, ಅಡಿಲೇಡ್‌ನಿಂದ ಸುಮಾರು 850 ಕಿ.ಮೀ. ದೂರದಲ್ಲಿ ಕೂಬರ್ ಪೀಡಿ ಇದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ತಂಡದೊಂದಿಗೆ ಬಂದ ಹುಡುಗನೊಬ್ಬನಿಗೆ ಇಲ್ಲಿ ಓಪಲ್ ರತ್ನ ಸಿಕ್ಕಿತು. ಬಿಸಿಲು ತಾಳಲಾರದ ಗಣಿಗಾರರು ನೆಲದಡಿಯಲ್ಲೇ ಮನೆ ಕೊರೆದರು. ಚರ್ಚು, ಹೋಟೆಲುಗಳೂ ಅಲ್ಲಿಗೇ ಇಳಿದವು.

ಗೆರೆ ಹೆದ್ದಾರಿ ದಾಟುವ ಕಡೆ ಫಲಕಗಳಿವೆ. ಹೋಗುವವರು ಕಾಲ ನೋಡಿ ಹೊರಡಬೇಕು. ಡಿಸೆಂಬರ್, ಜನವರಿಯಲ್ಲಿ ಒಳನಾಡಿನ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ದ್ರಾಕ್ಷಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ತೋಟವೂ ಬೇಕು, ಮರುಭೂಮಿಯೂ ಬೇಕು ಎನ್ನುವವರಿಗೆ ಏಪ್ರಿಲ್ ತಿಂಗಳೇ ಸರಿ.