ಗುಳ್ಳೆ ಬಿಟ್ಟು ಕಿಂಡಿ ಹುಡುಕುವವರು

ನಲವತ್ತರ ಆಸುಪಾಸಿನವರಿಗೆ ಲಕ್ವ ಹೊಡೆದರೆ ನೆಂಟರು ಮೊದಲು ಕೇಳುವುದು ಬಿಪಿ ಇತ್ತಾ, ಶುಗರ್ ಇತ್ತಾ ಎಂದು. ಕೆಲವರಿಗೆ ಅವೆರಡೂ ಇರುವುದಿಲ್ಲ. ಸಿಗರೇಟಿನ ಚಟವಿಲ್ಲ, ಕತ್ತಿನ ರಕ್ತನಾಳ ಶುಭ್ರ, ಇಸಿಜಿ ಸರಿ. ಆದರೂ ಲಕ್ವ ಮರುಕಳಿಸುತ್ತದೆ. ಇಂಥವರನ್ನು ನರರೋಗ ತಜ್ಞರು ಎಕೋ ಕೋಣೆಗೆ ಕಳಿಸಿ ‘ಬಬಲ್ ಟೆಸ್ಟ್’ ಮಾಡಿಸುತ್ತಾರೆ.

ಅದಕ್ಕೆ ಬೇಕಾದ ಸಾಮಾನು ಕೇಳಿದರೆ, ಇಷ್ಟೇನಾ ಅನ್ನಿಸುತ್ತದೆ. ಎರಡು ಸಿರಿಂಜು, ಅವನ್ನು ಜೋಡಿಸುವ ಮೂರು ದಾರಿಯ ಪುಟ್ಟ ನಲ್ಲಿ, ಸುಮಾರು 9 ಎಂಎಲ್ ಸಲೈನ್, 1 ಎಂಎಲ್ ಮೀರದ ಗಾಳಿ. ಕೆಲವು ವೈದ್ಯರು ರೋಗಿಯದೇ ರಕ್ತವನ್ನು ತುಸು ಬೆರೆಸುತ್ತಾರೆ. ಈ ಸಿರಿಂಜಿನಿಂದ ಆ ಸಿರಿಂಜಿಗೆ ರಭಸವಾಗಿ ತಳ್ಳಿದರೆ ಮಜ್ಜಿಗೆ ಕಡೆದಂತೆ ನೊರೆ ಏಳುತ್ತದೆ. ಅದು ಆರುವ ಮೊದಲೇ ತೋಳಿನ ಸಿರೆಗೆ ಸೇರಬೇಕು. ಎಕೋ ಪರದೆಯಲ್ಲಿ ಹೃದಯದ ಬಲಭಾಗ ಒಮ್ಮೆಲೇ ಬೆಳ್ಳಗಾಗುತ್ತದೆ.

ಎಡಭಾಗ ಕಪ್ಪಾಗಿಯೇ ಉಳಿಯಬೇಕು. ಗುಳ್ಳೆಗಳನ್ನು ಶ್ವಾಸಕೋಶ ಸೋಸಿಬಿಡುತ್ತದೆ. ಉಸಿರು ಬಿಗಿಹಿಡಿದು ತಿಣುಕಲು ರೋಗಿಗೆ ಹೇಳುತ್ತಾರೆ. ಸಡಿಲ ಬಿಟ್ಟು ಮೂರು ಬಡಿತದೊಳಗೆ ಎಡಗಡೆ ಬಿಳಿ ಚುಕ್ಕಿ ಕಂಡರೆ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಕಿಂಡಿಯಿದೆ ಎಂದು ಲೆಕ್ಕ. ಐದಾರು ಬಡಿತ ಕಳೆದು ಬಂದರೆ ಅನುಮಾನ ಶ್ವಾಸಕೋಶದೊಳಗಿನ ಅಡ್ಡದಾರಿ ರಕ್ತನಾಳದ ಮೇಲೆ. ರೋಗಿ ಸರಿಯಾಗಿ ತಿಣುಕದಿದ್ದರೆ ಇದ್ದ ಕಿಂಡಿಯೂ ಕಾಣದೆ ಹೋಗಬಹುದು. ಹಾಗಾಗಿ ನುರಿತವರು ಒಂದೇ ಸಲಕ್ಕೆ ‘ಇಲ್ಲ’ ಎಂದು ಬರೆಯುವುದಿಲ್ಲ.

ಗರ್ಭದಲ್ಲಿರುವಾಗ ಈ ಕಿಂಡಿ ಎಲ್ಲರಿಗೂ ಇರುತ್ತದೆ. ಹುಟ್ಟಿದ ಮೇಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚುವುದಿಲ್ಲ. ಕಾಲಿನ ಸಿರೆಯಲ್ಲಿ ಕಟ್ಟಿದ ಹೆಪ್ಪು ಇದರೊಳಗೆ ನುಸುಳಿ ಮಿದುಳು ಸೇರಬಲ್ಲದೆಂದು ಜರ್ಮನಿಯ ಜೂಲಿಯಸ್ ಕೋನ್‌ಹೈಮ್ 1877ರಲ್ಲೇ ಹೇಳಿದ್ದ. ಮುಚ್ಚಬೇಕೋ ಬೇಡವೋ ಎಂಬ ಜಗಳ ಮಾತ್ರ ಬಹುಕಾಲ ಎಳೆಯಿತು. 2017ರಲ್ಲಿ ಒಟ್ಟಿಗೇ ಪ್ರಕಟವಾದ ಮೂರು ಅಧ್ಯಯನಗಳು, 60 ದಾಟದ ಆಯ್ದ ರೋಗಿಗಳಲ್ಲಿ ಕಿಂಡಿ ಮುಚ್ಚಿದರೆ ಲಕ್ವ ಮರುಕಳಿಸುವುದು ತಗ್ಗುತ್ತದೆಂದು ತೋರಿಸಿದವು.

ಆದರೆ ನಾಲ್ವರಲ್ಲಿ ಒಬ್ಬರಿಗಿರುವ ಕಿಂಡಿ ಸಿಕ್ಕ ಮಾತ್ರಕ್ಕೆ ಅದೇ ಅಪರಾಧಿಯಲ್ಲ. ಎಪ್ಪತ್ತರ ಸಕ್ಕರೆ ಕಾಯಿಲೆಯವರಲ್ಲಿ ಅದು ಬರೀ ದಾರಿಹೋಕ ಆಗಿರುವುದೇ ಹೆಚ್ಚು. ಹೆಪ್ಪು ಕಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕಬೇಕು. ಸಿಕ್ಕರೆ 12 ವಾರ ಬಿಟ್ಟು ಮತ್ತೊಮ್ಮೆ. ಆಗೊಮ್ಮೆ ಈಗೊಮ್ಮೆ ತಾಳ ತಪ್ಪುವ ಹೃದಯವನ್ನು ಹಿಡಿಯಲು ಎದೆಯ ಚರ್ಮದಡಿ ಪುಟ್ಟ ಯಂತ್ರ ಇಟ್ಟು ತಿಂಗಳುಗಟ್ಟಲೆ ಕಾಯುವುದುಂಟು. ಮನೆತನದಲ್ಲಿ ಮೈಗ್ರೇನ್, ಎಳವೆಯ ಲಕ್ವ, ಮರೆವು ಸಾಲಾಗಿ ಬಂದಿದ್ದರೆ ನಾಚ್3 ಎಂಬ ಜೀನಿನ ಪರೀಕ್ಷೆ.

ಮನೆಯಲ್ಲಿ ಯಾರಿಗಾದರೂ ಎರಡನೇ ಸಲ ಲಕ್ವ ಹೊಡೆದಿದ್ದರೆ, ಮೊದಲ ಸಲದ ಸ್ಕ್ಯಾನ್ ಫಿಲ್ಮು, ಇಸಿಜಿ ಎರಡನ್ನೂ ತಪ್ಪದೆ ಒಯ್ಯಿರಿ. ಎರಡು ಪೆಟ್ಟೂ ಮಿದುಳಿನ ಬೇರೆ ಬೇರೆ ರಕ್ತನಾಳಗಳ ವಲಯದಲ್ಲಿ ಬಿದ್ದಿದ್ದರೆ ವೈದ್ಯರು ಹೃದಯವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡುತ್ತಾರೆ.