ಯಾರಿಗೂ ದಕ್ಕದ 40,000 ಡಾಲರ್
ಆಲ್‌ಫ್ರೆಡ್ ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದಲ್ಲಿ ಇಡೀ ಕಥೆಗೆ ಚಾಲನೆ ಕೊಡುವ 40,000 ಡಾಲರ್ ಅರ್ಧ ದಾರಿಯಲ್ಲೇ ಕೆಸರುಪಾಲು! ನಾಯಕಿ ಮೇರಿಯನ್ ಆ ಹಣ ಕದ್ದು ಕಾರಿನಲ್ಲಿ ಪರಾರಿಯಾಗುತ್ತಾಳೆ. ಪೊಲೀಸ್ ಎದುರಾದಾಗ ಪ್ರೇಕ್ಷಕನ ಎದೆ ಢವಢವ. ಅಷ್ಟರಲ್ಲಿ ಅವಳದೇ ಕೊಲೆ. ಪತ್ರಿಕೆಯಲ್ಲಿ ಸುತ್ತಿಟ್ಟ ಕಂತೆಯನ್ನು ಬಿಚ್ಚಿಯೂ ನೋಡದೆ, ಅವಳು ತಂಗಿದ್ದ ಮೋಟೆಲ್‌ನ ಮಾಲೀಕ ನಾರ್ಮನ್ ಕಾರಿನ ಡಿಕ್ಕಿಗೆ ಎಸೆಯುತ್ತಾನೆ. ಕಾರು ಜೌಗಿನಲ್ಲಿ ಮುಳುಗುತ್ತದೆ.

ಕಥೆಯನ್ನು ಓಡಿಸಿ, ಕೊನೆಗೆ ತಾನೇ ಲೆಕ್ಕಕ್ಕಿಲ್ಲದಂತಾಗುವ ಇಂಥ ವಸ್ತುವನ್ನು ಹಿಚ್‌ಕಾಕ್ ‘ಮ್ಯಾಕ್‌ಗಫಿನ್’ ಎನ್ನುತ್ತಿದ್ದ. ‘ನಟೋರಿಯಸ್’ (1946) ಚಿತ್ರದಲ್ಲಿ ಅದು ವೈನ್ ಬಾಟಲಿಯಲ್ಲಿ ಬಚ್ಚಿಟ್ಟ ಯುರೇನಿಯಂ. ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲಿ ಗೊಂಬೆಯೊಳಗಿನ ಮೈಕ್ರೋಫಿಲ್ಮ್. ಅದರಲ್ಲಿದ್ದ ಗುಟ್ಟೇನೆಂದು ಚಿತ್ರ ಹೇಳುವುದೇ ಇಲ್ಲ. ನಾಯಕ ಓಡುವ ಭರದಲ್ಲಿ ಕೇಳುವ ಪುರುಸೊತ್ತು ನಮಗೂ ಇರುವುದಿಲ್ಲ ಬಿಡಿ!